ವಿಶ್ವೇಶ್ವರಯ್ಯ ಸ್ಟೇಷನ್ ಅಂದರೆ ಯಾವುದು?

ನಮ್ಮ ಅಬ್ಬಿಗೆರೆಗೆ ರೈಲ್ವೆ ಸ್ಟೇಷನ್ ಇಲ್ಲ. ಹೆಸರಲ್ಲೇ ಕೆರೆ ಇದೆ, ಊರಲ್ಲೂ ಕೆರೆ ಇದೆ, ಆದರೆ ರೈಲು ಹಿಡಿಯಬೇಕು ಅಂದರೆ ಕೆರೆಗುಡ್ಡದಹಳ್ಳಿ ದಾಟಿ ಚಿಕ್ಕಬಾಣಾವರಕ್ಕೆ ಹೋಗಬೇಕು, ಇಲ್ಲವೇ ಯಶವಂತಪುರಕ್ಕೆ. ಮೆಟ್ರೋ ಬೇಕಾದರೆ ತುಮಕೂರು ರಸ್ತೆಯ ಜಾಲಹಳ್ಳಿ ನಿಲ್ದಾಣ. ಹಾಗಾಗಿ ನಮ್ಮ ಮನೆಗೆ ನೆಂಟರು ಬಂದರೆ ಮೊದಲ ಕೆಲಸ ಕಾಫಿ ಕೊಡುವುದು, ಎರಡನೇ ಕೆಲಸ ವಾಪಸ್ ಹೋಗುವ ದಾರಿ ಹೇಳುವುದು. ಇಷ್ಟು ವರ್ಷ ದಾರಿ ಹೇಳೋದರಲ್ಲಿ ನಾನು ಪಂಡಿತೆ ಅಂದುಕೊಂಡಿದ್ದೆ. ಆ ಜಂಬ ಇಳಿದದ್ದು ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಕೋಲ್ಕತ್ತಾಕ್ಕೆ ಹೊರಟ ದಿನ.

ಚಿಕ್ಕಪ್ಪನದು ಅರಸೀಕೆರೆ ತಾಲ್ಲೂಕಿನ ಬಾಣಾವರ. ಅವರ ಮಗಳು, ಅಂದರೆ ನನ್ನ ತಂಗಿ, ಕೋಲ್ಕತ್ತಾದಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಹತ್ತು ದಿನ ಇರುವಾಗಲೇ ಇಬ್ಬರೂ ಹೊರಟು ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಉಳಿದರು. ಚಿಕ್ಕಮ್ಮನ ಚೀಲದಲ್ಲಿ ಬಾಣಂತಿ ಲೇಹ್ಯ, ಮೆಣಸಿನಪುಡಿ, ಹಳೇ ಕಾಟನ್ ಸೀರೆಯ ತುಂಡುಗಳು. ಬೆಳಿಗ್ಗೆ ಹೌರಾ ಕಡೆಯ ರೈಲು. ಅದು ಹೊರಡುವುದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ನನಗೆ ಅವತ್ತು ಜೊತೆಗೆ ಹೋಗಲು ಆಗಲಿಲ್ಲ. ಜಾಲಹಳ್ಳಿ ಮೆಟ್ರೋವರೆಗೆ ಆಟೋದಲ್ಲಿ ಬಿಟ್ಟು, ‘ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಲೈನಿಗೆ ಹತ್ತಿ ಚಿಕ್ಕಪ್ಪ, ವಿಶ್ವೇಶ್ವರಯ್ಯ ಸ್ಟೇಷನ್ನಿಗೆ ಹೋಗಬೇಕು’ ಅಂದೆ. ಅಷ್ಟೇ ಅಂದೆ.

ಅವರು ನಾನು ಹೇಳಿದ ಹಾಗೇ ಮಾಡಿದರು. ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿನ ಗಾಡಿ ಹತ್ತಿ ಇನ್ನೂ ಸರಿಯಾಗಿ ಕೂತಿಲ್ಲ, ಮುಂದಿನ ನಿಲ್ದಾಣ ಸರ್ ಎಂ. ವಿಶ್ವೇಶ್ವರಯ್ಯ ಅಂತ ಹೇಳಿಬಿಟ್ಟಿತು. ಚಿಕ್ಕಪ್ಪನಿಗೆ ಖುಷಿ, ಇಷ್ಟು ಹತ್ತಿರಾನಾ ಅಂತ. ಇಳಿದು ಸೂಟ್‌ಕೇಸ್ ಎಳೆದುಕೊಂಡು ಮೇಲೆ ಬಂದು ನೋಡಿದರೆ ಸೆಂಟ್ರಲ್ ಕಾಲೇಜು! ಹೌರಾ ರೈಲು ಎಲ್ಲಿ ಅಂತ ಕೇಳಿದರೆ ಜನ ಮುಖ ನೋಡಿದರು. ನನಗೆ ಫೋನ್ ಮಾಡಿದ್ದಾರೆ. ನನ್ನ ಫೋನು ಹಾಲ್‌ನಲ್ಲಿ, ನಾನು ಅಡುಗೆಮನೆಯಲ್ಲಿ, ಮಿಕ್ಸಿ ಓಡುತ್ತಿತ್ತು. ನೇರಳೆ ಲೈನಿನಲ್ಲಿ ಅಲ್ಲಿಂದ ಇನ್ನೂ ಎಂಟು ನಿಲ್ದಾಣ ಮುಂದೆ ಹೋದರೆ ಬೈಯಪ್ಪನಹಳ್ಳಿ, ಇಳಿದ ಮೇಲೂ ಟರ್ಮಿನಲ್‌ಗೆ ಆಟೋ ಬೇಕು. ಅದು ಗೊತ್ತಿಲ್ಲದೆ ಅವರು ಅಲ್ಲಿಂದಲೇ ಆಟೋ ಹಿಡಿದು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ತಲುಪುವಷ್ಟರಲ್ಲಿ ರೈಲು ಹೋಗಿ ಆಗಿತ್ತು.

ಮತ್ತೆ ಟಿಕೆಟ್ ಸಿಕ್ಕಿದ್ದು ಮೂರನೇ ದಿನಕ್ಕೆ. ಮಗು ಹತ್ತು ದಿನ ಕಾಯಲಿಲ್ಲ. ಇವರು ರೈಲಿನಲ್ಲಿ ಒಡಿಶಾ ದಾಟುತ್ತಿದ್ದಾಗ ಹುಟ್ಟಿತು. ಹೆರಿಗೆ ನೋವಿನಲ್ಲಿ ತಂಗಿ ಅಮ್ಮನನ್ನು ಕೇಳುತ್ತಿದ್ದಳಂತೆ. ತಾಯಿ ಮಗು ಇಬ್ಬರೂ ಆರೋಗ್ಯ, ದೇವರು ದೊಡ್ಡವನು. ಆದರೆ ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಚಿಕ್ಕಮ್ಮ ಬೈಯಲೂ ಇಲ್ಲ. ‘ಹೆಸರು ದೊಡ್ಡದೇ ಕಣೇ, ದಾರಿ ಮಾತ್ರ ಹೇಳಲಿಲ್ಲ’ ಅಂದರು.

ನನ್ನ ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಬಿಡುವಿದ್ದಾಗ ಕನ್ನಡ ವಿಕಿಪೀಡಿಯಾದಲ್ಲಿ ಬರೆಯುವ ಹವ್ಯಾಸ. ವಿಕಿಪೀಡಿಯಾ ಅಂದರೆ ಗೊತ್ತಲ್ಲ, ಯಾರು ಬೇಕಾದರೂ ಬರೆಯಬಹುದಾದ, ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶ. ಇಂಗ್ಲಿಷಿನದು 2001ರಲ್ಲಿ ಶುರುವಾಯಿತು, ಕನ್ನಡದ್ದು 2003ರಲ್ಲಿ. ಅವಳೂ ಅವಳ ಗೆಳೆಯರೂ ಬೆಂಗಳೂರಿನ ರೈಲು ನಿಲ್ದಾಣಗಳ ಬಗ್ಗೆ ಬರೆಯೋಣ ಅಂತ ಕೂತಿದ್ದರು. ಮೊದಲ ಸಾಲು ಬರೆಯುವ ಮೊದಲೇ ಜಗಳ. ಪುಟಕ್ಕೆ ಹೆಸರೇನು? ಸಿಟಿ ಸ್ಟೇಷನ್ನೇ, ಕೆಎಸ್‌ಆರ್ ಬೆಂಗಳೂರೇ, ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವೇ?

ಮೊದಲಾಗಿದ್ದರೆ ‘ಯಾವುದೋ ಒಂದು ಇಡ್ರೇ’ ಅಂತಿದ್ದೆ. ಚಿಕ್ಕಪ್ಪನ ಕಥೆ ಆದ ಮೇಲೆ ಹಾಗನ್ನಲು ಬಾಯಿ ಬರಲಿಲ್ಲ. ‘ಇಲ್ಲಿ ಕೂತು ಜಗಳ ಆಡೋ ಬದಲು ಹೋಗಿ ಬೋರ್ಡ್ ನೋಡ್ಕೊಂಡು ಬರೋಣ ನಡಿ’ ಅಂದೆ. ಒಂದು ಎರಡನೇ ಶನಿವಾರ ಪುಳಿಯೋಗರೆ ಕಟ್ಟಿಕೊಂಡು ಅಮ್ಮ ಮಗಳು ಹೊರಟೆವು. ಜೊತೆಗೆ ಅವಳ ಕ್ಲಾಸಿನ ಒಬ್ಬ ಹುಡುಗ, ಬೈಲಹೊಂಗಲ ಕಡೆಯವನು.

ಮೊದಲು ನಮ್ಮ ಚಿಕ್ಕಬಾಣಾವರ. ಹಾಸನ, ಶ್ರವಣಬೆಳಗೊಳದ ಕಡೆಯಿಂದ ಬರುವ ಲೈನೂ ತುಮಕೂರಿನ ಲೈನೂ ಇಲ್ಲಿ ಸೇರುತ್ತವೆ. ಆ ಹಾಸನದ ದಾರಿ ಪೂರ್ತಿ ತೆರೆದದ್ದು 2017ರಲ್ಲಿ. ಹಳದಿ ಬೋರ್ಡು, ಕಪ್ಪು ಅಕ್ಷರ, ಮೇಲೆ ಕನ್ನಡ, ಆಮೇಲೆ ಹಿಂದಿ, ಆಮೇಲೆ ಇಂಗ್ಲಿಷ್, ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅನ್ನುವ ಲೆಕ್ಕ. ಬೋರ್ಡಿನ ಮುಂದೆ ನಿಂತಾಗ ನನಗೆ ಹೊಳೆಯಿತು, ಚಿಕ್ಕಪ್ಪನ ಊರು ಬಾಣಾವರ, ನಮ್ಮ ಪಕ್ಕದ್ದು ಚಿಕ್ಕಬಾಣಾವರ. ಎರಡೂ ಕಡೆ ಸ್ಟೇಷನ್ ಇದೆ, ಅದೂ ಬೆಂಗಳೂರಿಗೆ ಬರುವ ಒಂದೇ ದಾರಿಯಲ್ಲಿ. ಮುಂದೆ ಒಂದು ‘ಚಿಕ್ಕ’ ಇರುವುದರಿಂದ ಇವತ್ತಿನವರೆಗೂ ನಮ್ಮ ಮನೆಯಲ್ಲಿ ಯಾರೂ ಮೋಸ ಹೋಗಿಲ್ಲ. ರೈಲ್ವೆಯ ಗುಟ್ಟಿನ ಅಕ್ಷರಗಳೂ ಬೇರೆ ಬೇರೆ, ಬಾಣಾವರಕ್ಕೆ ಬಿವಿಆರ್, ಚಿಕ್ಕಬಾಣಾವರಕ್ಕೆ ಬಿಎಡಬ್ಲ್ಯು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಅಂತ ನಮ್ಮ ಹಿರಿಯರು ಊರುಗಳನ್ನು ಬೇರೆ ಮಾಡುತ್ತಿದ್ದದ್ದೂ ಹೀಗೇ ಅಲ್ಲವೇ.

ಮಗಳು ನಕ್ಕು, ‘ಅಮ್ಮ, ಇದನ್ನೇ ನಾವು ದ್ವಂದ್ವ ನಿವಾರಣೆ ಅಂತೀವಿ’ ಅಂದಳು. ಒಂದೇ ಹೆಸರಿನ ಎರಡು ಸಂಗತಿಗಳಿದ್ದರೆ ಓದುವವರು ತಪ್ಪು ಪುಟಕ್ಕೆ ಹೋಗಬಾರದು, ಅದಕ್ಕೆ ಮಾಡುವ ವ್ಯವಸ್ಥೆ. ನಮ್ಮ ಅಬ್ಬಿಗೆರೆಯನ್ನೇ ತಗೊಳ್ಳಿ, ಗದಗ ಜಿಲ್ಲೆಯಲ್ಲಿ ರೋಣದ ಕಡೆ ಅಬ್ಬಿಗೇರಿ ಇದೆ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪಕ್ಕದಲ್ಲಿ ಬೆಂಗಳೂರು ಅಂತಲೋ ಗದಗ ಅಂತಲೋ ಸೇರಿಸಬೇಕಾಗುತ್ತದೆ.

ಪ್ಯಾಸೆಂಜರ್ ಗಾಡಿ ಬಂತು, ಹತ್ತಿದೆವು. ಮುಂದಿನದು ಯಶವಂತಪುರ. ಕನ್ನಡದಲ್ಲಿ ಈ ಹೆಸರಿಗೆ ತಕರಾರೇ ಇಲ್ಲ, ಬರೆದ ಹಾಗೆ ಓದುತ್ತೇವೆ. ಇಂಗ್ಲಿಷಿನಲ್ಲಿ ನೋಡಬೇಕು ಅದರ ಪಾಡು. ರೈಲ್ವೆ ಬೋರ್ಡಿನಲ್ಲಿ ಹಳೇ ಕಾಲದ ಕಾಗುಣಿತ, ‘ಯೆಸ್ವಂತ್‌ಪುರ್’ ಅಂತ ಓದಿಕೊಳ್ಳುವ ಹಾಗೆ. ಮೆಟ್ರೋ ಬೋರ್ಡಿನಲ್ಲಿ ಬೇರೆ ಕಾಗುಣಿತ, ಅಲ್ಲಿ ನಡುವೆ ‘ಶ್’ ಬರುತ್ತದೆ. ರೈಲಿನ ಟಿಕೆಟ್ ಬುಕ್ ಮಾಡುವಾಗ ಮೆಟ್ರೋ ಕಾಗುಣಿತ ಹಾಕಿ, ಊರೇ ಸಿಗ್ತಿಲ್ಲ ಅಂತ ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬಳು. ವೈಪಿಆರ್ ಅಂತ ಮೂರಕ್ಷರ ಹಾಕಿದರೆ ತಕ್ಷಣ ಬರುತ್ತದೆ ಅಂತ ಮಗಳು ಹೇಳಿಕೊಟ್ಟ ಮೇಲೆ ನೆಮ್ಮದಿ.

ಮಲ್ಲೇಶ್ವರ ದಾಟಿ ದೊಡ್ಡ ಸ್ಟೇಷನ್ ಬಂತು. ನಾನು ಚಿಕ್ಕವಳಿದ್ದಾಗಿನಿಂದ ಸಿಟಿ ಸ್ಟೇಷನ್ ಅಂದವಳು. ಆಟೋದವರು ಇವತ್ತಿಗೂ ‘ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ನಾ?’ ಅಂತಲೇ ಕೇಳುವುದು. ಮೆಜೆಸ್ಟಿಕ್ ಅನ್ನುವುದು ಒಂದು ಸಿನಿಮಾ ಟಾಕೀಸಿನ ಹೆಸರು! ಟಾಕೀಸು ಹೋಯಿತು, ಬಸ್ ಸ್ಟ್ಯಾಂಡಿಗೂ ಮೆಟ್ರೋಗೂ ನಾಡಪ್ರಭು ಕೆಂಪೇಗೌಡರ ಹೆಸರು ಬಂತು, ಆದರೂ ಜನರ ಬಾಯಲ್ಲಿ ಮೆಜೆಸ್ಟಿಕ್ ಉಳಿದುಬಿಟ್ಟಿದೆ.

ಈ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂದದ್ದು 2015-16ರ ಸುಮಾರಿಗೆ. ಅಂಥ ಬದಲಾವಣೆ ಸುಮ್ಮನೆ ಆಗುವುದಿಲ್ಲ. ರಾಜ್ಯ ಸರ್ಕಾರ ಪ್ರಸ್ತಾವ ಕಳಿಸಬೇಕು, ಕೇಂದ್ರ ಗೃಹ ಇಲಾಖೆ ಒಪ್ಪಬೇಕು, ಆಮೇಲೆ ರೈಲ್ವೆಯವರು ಬೋರ್ಡು, ಟಿಕೆಟ್ಟು, ಘೋಷಣೆ ಎಲ್ಲ ಬದಲಿಸಬೇಕು. ಅಷ್ಟೆಲ್ಲ ಬದಲಾದರೂ ಕೋಡ್ ಮಾತ್ರ ಹಳೇ ಎಸ್‌ಬಿಸಿಯೇ. ಹುಬ್ಬಳ್ಳಿ ಸ್ಟೇಷನ್ನಿಗೆ 2020ರಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂದಾಗಲೂ ಯುಬಿಎಲ್ ಹಾಗೇ ಉಳಿಯಿತು. ಮುಂಬೈಯಲ್ಲಿ ಹಾಗಲ್ಲ, ವಿಕ್ಟೋರಿಯಾ ಟರ್ಮಿನಸ್ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ನಡುವೆ ಮಹಾರಾಜ್ ಸೇರಿತು, ಕೋಡ್ ಕೂಡ ಬದಲಾಯಿತು. ಹಳೇ ಮುಂಬೈಕರರು ಇನ್ನೂ ವಿಟಿ ಅಂತಲೇ ಅನ್ನುತ್ತಾರೆ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಪುಳಿಯೋಗರೆ ಬಿಚ್ಚಿದೆ. ಮಗಳು ವಿಶ್ವಕೋಶದ ನಿಯಮ ಹೇಳಿದಳು. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಪುಟದ ಹೆಸರಿಗೆ ಐದು ಪರೀಕ್ಷೆಗಳಿವೆಯಂತೆ. ನೋಡಿದ ತಕ್ಷಣ ಗುರುತು ಸಿಗಬೇಕು, ಜನ ಸಹಜವಾಗಿ ಬಳಸುವಂತಿರಬೇಕು, ಬೇರೆಯದರ ಜೊತೆ ಗೊಂದಲ ಆಗಬಾರದು, ಉದ್ದ ಆಗಬಾರದು, ಅದೇ ಜಾತಿಯ ಬೇರೆ ಪುಟಗಳ ಹೆಸರಿಗೆ ಹೊಂದಬೇಕು. ಸರ್ಕಾರ ಇಟ್ಟ ಹೆಸರು ಅನ್ನುವ ಒಂದೇ ಕಾರಣ ಸಾಲದು. ನಂಬಬಹುದಾದ ಪತ್ರಿಕೆ, ಪುಸ್ತಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಯಾವುದು ಅಂತ ನೋಡುತ್ತಾರೆ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಗಿ ಬ್ಯಾಂಗಲೋರ್ ಬೆಂಗಳೂರಾದ ಮೇಲೂ ಆ ವಿಶ್ವಕೋಶದಲ್ಲಿ ವರ್ಷಗಟ್ಟಲೆ ಬ್ಯಾಂಗಲೋರ್ ಅಂತಲೇ ಇದ್ದದ್ದು ಈ ನಿಯಮದಿಂದ. ಎಷ್ಟೋ ಕನ್ನಡಿಗರಿಗೆ ಇದು ಬೇಜಾರಿನ ಸಂಗತಿಯಾಗಿತ್ತು.

‘ಹಂಗಾದ್ರ ಸಿಟಿ ಸ್ಟೇಷನ್ ಅಂತನೇ ಬರೀಬೇಕೇನ್ರಿ ಆಂಟಿ?’ ಅಂತ ಹುಡುಗ ಕೇಳಿದ. ಮೆಲ್ಲಗೇ ಕೇಳಿದ, ಆದರೆ ದನಿಯಲ್ಲಿ ನೋವಿತ್ತು. ಸಂಗೊಳ್ಳಿ ಇರುವುದು ಅವನ ತಾಲ್ಲೂಕಿನಲ್ಲೇ. ‘ನಾ ಮೊದಲ ಸಲ ಬೆಂಗಳೂರಿಗೆ ಬಂದಾಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನ್ಯಾಗ ಬಂದಿದ್ದೆ ರೀ. ರಾತ್ರಿಯೆಲ್ಲ ಕುಂತು ಬಂದು ಮುಂಜಾನೆ ಇಳದ ಕೂಡ್ಲೆ ರಾಯಣ್ಣನ ಹೆಸರು ಕಂಡೆ. ಈ ಊರಾಗ ನಮ್ಮವರೊಬ್ರು ಅದಾರ ಅನಿಸ್ತು.’

ನನಗೆ ಅದುವರೆಗೂ ತಟ್ಟಿಯೇ ಇರಲಿಲ್ಲ. ಕಿತ್ತೂರಿನ ರಾಣಿಯ ಹೆಸರಿನ ರೈಲು, ಆಕೆಯ ಬಲಗೈ ಬಂಟನ ಹೆಸರಿನ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ. ರಾಯಣ್ಣನನ್ನು ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಬೆಂಗಳೂರಿಗೆ ಮೊದಲ ರೈಲು ಬಂದದ್ದೇ ಅದಾಗಿ 33 ವರ್ಷಕ್ಕೆ, 1864ರಲ್ಲಿ, ಅದೂ ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ. ರೈಲೇ ಕಾಣದ ವೀರನ ಹೆಸರನ್ನು ಇವತ್ತು ಲಕ್ಷಾಂತರ ಪ್ರಯಾಣಿಕರು ಟಿಕೆಟ್ಟಿನಲ್ಲಿ ಹಿಡಿದುಕೊಂಡು ಓಡಾಡುತ್ತಾರೆ.

ಹಿಡಿದುಕೊಂಡಿರುತ್ತಾರೆ ಸರಿ, ಓದುತ್ತಾರೆಯೇ? ಟಿಕೆಟ್ಟಿನಲ್ಲಿ ಬರುವುದು ಕೆಎಸ್‌ಆರ್ ಅಂತ ಮೂರಕ್ಷರ. ನಮ್ಮ ಚಿಕ್ಕಮ್ಮ ಒಮ್ಮೆ ಅದನ್ನು ನೋಡಿ, ‘ಇದೇನೇ, ಕೆಎಸ್‌ಆರ್‌ಟಿಸಿ ಬಸ್‌ಸ್ಟ್ಯಾಂಡಿಗೆ ಬರಬೇಕಾ?’ ಅಂತ ಕೇಳಿದ್ದರು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಒಬ್ಬ ಕಾಲೇಜು ಹುಡುಗಿಯನ್ನು ಮಗಳು ಕೇಳಿದಳು, ಕೆಎಸ್‌ಆರ್ ಅಂದರೇನು ಅಂತ. ‘ಕರ್ನಾಟಕ ಸ್ಟೇಟ್ ರೈಲ್ವೇಸ್ ಅಲ್ವಾ?’ ಅಂದಳು ಆ ಹುಡುಗಿ. ನಮ್ಮ ಬೈಲಹೊಂಗಲದ ಹುಡುಗ ತಲೆ ಮೇಲೆ ಕೈ ಇಟ್ಟುಕೊಂಡ. ಗೌರವಕ್ಕೆ ಅಂತ ಇಟ್ಟ ಹೆಸರು ಉದ್ದವಾಯಿತು, ಉದ್ದವಾದದ್ದು ಚುಟುಕಾಯಿತು, ಚುಟುಕಿನಲ್ಲಿ ಮನುಷ್ಯನೇ ಮಾಯ.

ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ಕಂಟೋನ್ಮೆಂಟಿಗೆ ಬಂದೆವು. ಬೋರ್ಡಿನ ಮೇಲಿನ ಸಾಲು ನೋಡಿ ನನಗೆ ಖುಷಿಯೋ ಖುಷಿ. ‘ಬೆಂಗಳೂರು ದಂಡು’. ಎಷ್ಟು ಚಿಕ್ಕ, ಎಷ್ಟು ಚೊಕ್ಕ! ಕೆಳಗೆ ಹಿಂದಿಯಲ್ಲಿ ಛಾವಣಿ, ಇಂಗ್ಲಿಷಿನಲ್ಲಿ ಕಂಟೋನ್ಮೆಂಟ್. ಮೂರು ಭಾಷೆಯಲ್ಲಿ ಮೂರು ಬೇರೆ ಪದ, ಅರ್ಥ ಒಂದೇ. ಕನ್ನಡ ಪತ್ರಿಕೆಗಳೂ ದಂಡು ರೈಲು ನಿಲ್ದಾಣ ಅಂತಲೇ ಬರೆಯುತ್ತವೆ. ಹೀಗಿರುವಾಗ ಕನ್ನಡದ ವಿಶ್ವಕೋಶ ಇಂಗ್ಲಿಷಿನ ಪುಟ ನೋಡಿಕೊಂಡು ಹೆಸರಿಡಬೇಕಿಲ್ಲ, ಕನ್ನಡದಲ್ಲಿ ಏನು ಬಳಕೆಯಿದೆಯೋ ಅದನ್ನು ನೋಡಬೇಕು ಅಂತ ನಾವು ಮೂವರೂ ಒಪ್ಪಿದೆವು.

ಕೊನೆಗೆ ಬೈಯಪ್ಪನಹಳ್ಳಿ. ಚಿಕ್ಕಪ್ಪನ ಕಥೆಯ ಜಾಗ. ಇಲ್ಲಿ ಹಳೆಯ ಬೈಯಪ್ಪನಹಳ್ಳಿ ರೈಲು ನಿಲ್ದಾಣ ಇದೆ, ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣ ಇದೆ, 2022ರ ಜೂನ್‌ನಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಇದೆ. ಹಳೆಯದರ ಕೋಡ್ ಬಿವೈಪಿಎಲ್, ಟರ್ಮಿನಲ್ಲಿನದು ಎಸ್‌ಎಂವಿಬಿ. ಜನ ಮಾತ್ರ ಕರೆಯುವುದು ಎಸ್‌ಎಂವಿಟಿ. ಆಟೋದವರಿಗೆ ನಾನು ಬೇಕಂತಲೇ ‘ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್’ ಅಂತ ಪೂರ್ತಿ ಹೇಳಿದೆ. ಅವರು ಹಿಂದೆ ತಿರುಗಿ, ‘ಹೊಸಾ ಸ್ಟೇಷನ್ ಅನ್ನಿ ಮೇಡಂ, ಮುಗೀತು’ ಅಂದರು.

ವಿಶ್ವೇಶ್ವರಯ್ಯನವರ ಹೆಸರು ಇಡಬಾರದಿತ್ತು ಅಂತ ನಾನು ಖಂಡಿತ ಹೇಳುತ್ತಿಲ್ಲ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದವರು, ಕನ್ನಂಬಾಡಿಯ ಜೊತೆ ನೆನಪಾಗುವವರು. ಎರಡು ಕಡೆ ಅಲ್ಲ, ಹತ್ತು ಕಡೆ ಇಡಲಿ. ರಾಯಣ್ಣನ ಹೆಸರಿನ ಮೆಟ್ರೋ ನಿಲ್ದಾಣವೂ ಇದೆ, ಅದು ರೈಲು ನಿಲ್ದಾಣದ ಬಾಗಿಲಲ್ಲೇ ಇರುವುದರಿಂದ ಯಾರಿಗೂ ತೊಂದರೆಯಿಲ್ಲ, ಉಪಕಾರವೇ. ಊರಿನ ಎರಡು ಕಡೆ ಒಂದೇ ಹೆಸರಿದ್ದಾಗ ಮಾತ್ರ ಪಕ್ಕದಲ್ಲಿ ಗುರುತಿನ ಮಾತೊಂದು ಬೇಕು. ಮೆಟ್ರೋ ನಿಲ್ದಾಣದ ಹೆಸರಿನ ಜೊತೆ ಸೆಂಟ್ರಲ್ ಕಾಲೇಜ್ ಅಂತ ಇದ್ದೇ ಇತ್ತು. ಆ ಗುರುತನ್ನು ಬಿಟ್ಟು ಹೇಳಿದವಳು ನಾನು. ‘ರೈಲ್ವೆ ಟರ್ಮಿನಲ್, ಬೈಯಪ್ಪನಹಳ್ಳಿ’ ಅಂತ ಎರಡು ಮಾತು ಸೇರಿಸಿದ್ದರೆ ಸಾಕಿತ್ತು.

ವಿಶ್ವಕೋಶದವರು ಇದನ್ನು ಮೊದಲೇ ಕಂಡುಕೊಂಡಿದ್ದಾರೆ. ಲಂಡನ್ನಿನ ಪುಟಗಳಲ್ಲಿ ನೆಲದಡಿಯ ರೈಲಿನ ನಿಲ್ದಾಣಕ್ಕೆ ‘ಟ್ಯೂಬ್ ನಿಲ್ದಾಣ’ ಅಂತಲೂ ದೊಡ್ಡ ರೈಲಿನದಕ್ಕೆ ‘ರೈಲು ನಿಲ್ದಾಣ’ ಅಂತಲೂ ಹೆಸರಿನ ಬಾಲಕ್ಕೆ ಹಚ್ಚುತ್ತಾರಂತೆ. ವಿಕ್ಟೋರಿಯಾ ಅನ್ನುವ ಸ್ಟೇಷನ್ ಲಂಡನ್ನಿನಲ್ಲೂ ಇದೆ, ಮ್ಯಾಂಚೆಸ್ಟರಿನಲ್ಲೂ ಇದೆ, ಅಲ್ಲಿ ಮೊದಲಿಗೆ ಊರಿನ ಹೆಸರು ಬರುತ್ತದೆ. ಮೊದಲು ಕೇಳಿದಾಗ ಇದೆಲ್ಲ ಅತಿಯಾಯಿತು, ಕೂದಲು ಸೀಳುವ ಕೆಲಸ ಅನ್ನಿಸಿತ್ತು. ಟರ್ಮಿನಲ್ಲಿನ ಮುಂದೆ ನಿಂತು, ಸೂಟ್‌ಕೇಸ್ ಎಳೆದುಕೊಂಡು ಓಡಿಬಂದ ಚಿಕ್ಕಪ್ಪನನ್ನು ನೆನೆಸಿಕೊಂಡಾಗ ಹಾಗನ್ನಿಸಲಿಲ್ಲ.

ಮನೆಗೆ ಬಂದು ಮೂವರೂ ಊಟದ ಟೇಬಲ್ಲಿನ ಮೇಲೆ ತೀರ್ಮಾನಕ್ಕೆ ಕೂತೆವು. ದೊಡ್ಡ ಸ್ಟೇಷನ್ನಿನ ಪುಟಕ್ಕೆ ‘ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ, ಬೆಂಗಳೂರು’ ಅಂತ ಅವರ ಪ್ರಸ್ತಾವ. ಕೆಎಸ್‌ಆರ್ ಬೇಡ, ಕನ್ನಡದಲ್ಲಿ ಮನುಷ್ಯನ ಹೆಸರು ಮರೆಯಾಗುವುದು ಬೇಡ. ಪೂರ್ತಿ ಅಧಿಕೃತ ಹೆಸರು ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ. ಸಿಟಿ ಸ್ಟೇಷನ್, ಮೆಜೆಸ್ಟಿಕ್ ರೈಲ್ವೆ ಸ್ಟೇಷನ್, ಕೆಎಸ್‌ಆರ್, ಎಸ್‌ಬಿಸಿ, ಯಾವುದನ್ನು ಹಾಕಿ ಹುಡುಕಿದರೂ ಇದೇ ಪುಟಕ್ಕೆ ಬರುವ ಹಾಗೆ ಪುನರ್ನಿರ್ದೇಶನ. ವಿಶ್ವೇಶ್ವರಯ್ಯ ಟರ್ಮಿನಲ್ಲಿನ ಪುಟದ ತಲೆಯ ಮೇಲೆ ಒಂದು ಸಾಲು: ಇದು ಬೈಯಪ್ಪನಹಳ್ಳಿಯ ರೈಲು ನಿಲ್ದಾಣ, ಸೆಂಟ್ರಲ್ ಕಾಲೇಜಿನ ಮೆಟ್ರೋ ನಿಲ್ದಾಣದ ಪುಟ ಬೇರೆ ಇದೆ. ಬೇರೆಯವರು ಒಪ್ಪದಿದ್ದರೆ ಚರ್ಚೆಪುಟದಲ್ಲಿ ಮಾತಾಡುತ್ತಾರೆ, ಬದಲಾದರೂ ಬದಲಾಗಬಹುದು. ಹುಡುಗನ ಮುಖದಲ್ಲಿ ಮಾತ್ರ ನಗು ಬಂತು. ‘ಹಳೇ ಹೆಸರು ಹಾಕಿ ಹುಡುಕಿದ್ರೂ ಕಡೀಕ ರಾಯಣ್ಣನ ಹತ್ರನೇ ಬರ್ತಾರಲ್ರಿ’ ಅಂದ.

ಈ ಗೊಂದಲ ಇಲ್ಲಿಗೇ ಮುಗಿಯುವಂಥದ್ದಲ್ಲ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗೆ ಬರಲಿರುವ ಉಪನಗರ ರೈಲಿನ ಮಲ್ಲಿಗೆ ಮಾರ್ಗದ ಪಟ್ಟಿಯಲ್ಲಿ ಜಾಲಹಳ್ಳಿಯೂ ಇದೆ. ಆಗ ನಮ್ಮ ಮಗ್ಗುಲಲ್ಲೇ ಎರಡು ಜಾಲಹಳ್ಳಿ ನಿಲ್ದಾಣ. ಹಾಗಾಗಿ ನಾನೀಗ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ. ನೆಂಟರು ಹೊರಟಾಗ ಮೂರು ಸಂಗತಿ ಬರೆದುಕೊಡುತ್ತೇನೆ: ರೈಲೋ ಮೆಟ್ರೋನೋ, ಯಾವ ಬಡಾವಣೆ, ಟಿಕೆಟ್ಟಿನ ಮೇಲಿರುವ ಕೋಡ್ ಯಾವುದು. ನೀವೂ ಹೀಗೇ ಮಾಡಿ, ನಿಮ್ಮ ಚಿಕ್ಕಪ್ಪನಿಗಾದರೂ ರೈಲು ಸಿಗಲಿ.

ಮೊನ್ನೆ ಕೋಲ್ಕತ್ತಾದಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಮಗುವಿಗೆ ನಾಮಕರಣ ಆಯಿತು. ಮುತ್ತಜ್ಜಿಯ ಹೆಸರು ಒಂದು, ನಕ್ಷತ್ರದ ಹೆಸರು ಒಂದು, ಶಾಲೆಗೆ ಅಂತ ಒಂದು. ‘ಎಲ್ಲಾ ಸರಿ, ಕರೆಯೋದು ಏನಂತ?’ ಅಂದೆ. ‘ಪುಟ್ಟಿ ಅಂದ್ರೆ ತಿರುಗಿ ನೋಡುತ್ತೆ ಕಣೇ’ ಅಂದರು ಚಿಕ್ಕಮ್ಮ.